‘ಟೇಮಿಂಗ್ ಆಫ್ ದಿ ಶ್ರೂ’ ನಾಟಕದ ಯುವರೂಪ: ರೂಪಾಂತರವನ್ನು ಓದುವ ಬಗೆ

ಅಭಿಜಾತ ನಾಟಕವೊಂದು ಯುವಜನರ ಸಿನಿಮಾವಾದಾಗ ಸಾಹಿತ್ಯದ ಅಧ್ಯಾಪಕರು ಸಾಮಾನ್ಯವಾಗಿ ಎತ್ತುವ ಪ್ರಶ್ನೆ ಒಂದೇ: ಅದು ಮೂಲಕ್ಕೆ ಎಷ್ಟು ನಿಷ್ಠವಾಗಿದೆ? ರೂಪಾಂತರವೆಂದರೆ ಮೂಲದ ಸಡಿಲ ಪ್ರತಿ ಎಂಬ ಪೂರ್ವಗ್ರಹ ಈ ಪ್ರಶ್ನೆಯಲ್ಲೇ ಅಡಗಿದೆ. ಬದಲಾಗಿ ಅದನ್ನು ಮೂಲಕೃತಿಯ ಒಂದು ಓದೆಂದು ಗ್ರಹಿಸಿದರೆ, ಮೂಲದ ಯಾವ ತೊಡಕಿಗೆ ಅದು ಎಂತಹ ಉತ್ತರ ನೀಡಿದೆ ಎಂಬುದು ಮುಖ್ಯವಾಗುತ್ತದೆ. ಶೇಕ್ಸ್‌ಪಿಯರ್‌ನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕವನ್ನೂ ಅದನ್ನು ಆಧರಿಸಿ 1999ರಲ್ಲಿ ಗಿಲ್ ಜುಂಗರ್ ನಿರ್ದೇಶಿಸಿದ ‘ಟೆನ್ ಥಿಂಗ್ಸ್ ಐ ಹೇಟ್ ಅಬೌಟ್ ಯೂ’ ಸಿನಿಮಾವನ್ನೂ ಈ ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾಟಕದ ಪೆಟ್ರೂಷಿಯೊ ಧನವಂತಳಾದ ವಧುವನ್ನು ಅರಸಿ ಪಡುವಾ ನಗರಕ್ಕೆ ಬರುತ್ತಾನೆ. ಮದುವೆಯ ಅನಂತರ ಹೆಂಡತಿ ಕ್ಯಾಥರಿನಾಳಿಗೆ ಅನ್ನ, ನಿದ್ರೆಗಳನ್ನು ತಪ್ಪಿಸಿ ಅವಳನ್ನು ಪಳಗಿಸುತ್ತಾನೆ. ಕೊನೆಯ ದೃಶ್ಯದಲ್ಲಿ ಗಂಡಂದಿರು ಹೆಂಡತಿಯರ ವಿಧೇಯತೆಯ ಮೇಲೆ ಪಣ ಕಟ್ಟುತ್ತಾರೆ. ಗಂಡನ ಆಜ್ಞೆಯಂತೆ ಕ್ಯಾಥರಿನಾ ಪತಿಭಕ್ತಿಯನ್ನು ಕುರಿತು ಸುದೀರ್ಘವಾಗಿ ಮಾತನಾಡುತ್ತಾಳೆ. ಇದು ನಿಜವಾದ ಶರಣಾಗತಿಯೋ ವ್ಯಂಗ್ಯವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಈ ಅಂತ್ಯಕ್ಕೆ ಪ್ರತಿಯಾಡುವ ಪ್ರವೃತ್ತಿ ಆಧುನಿಕರದ್ದು ಮಾತ್ರವೂ ಅಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿಯೇ ಜಾನ್ ಫ್ಲೆಚರ್, ಎರಡನೆಯ ಹೆಂಡತಿಯು ಪೆಟ್ರೂಷಿಯೊನನ್ನೇ ಪಳಗಿಸುವ ನಾಟಕವೊಂದನ್ನು ಬರೆದಿದ್ದನು.

ಸಿನಿಮಾದಲ್ಲಿ ಪಡುವಾ ಎಂಬುದು ಅಮೆರಿಕದ ಒಂದು ಪ್ರೌಢಶಾಲೆಯ ಹೆಸರು. ಅಕ್ಕ ಕ್ಯಾಟ್ ಗೆಳೆಯನೊಬ್ಬನನ್ನು ಒಪ್ಪಿದರೆ ಮಾತ್ರ ತಂಗಿಗೂ ಆ ಸ್ವಾತಂತ್ರ್ಯವೆಂದು ತಂದೆಯ ಕಟ್ಟಳೆ. ಆದುದರಿಂದ ತಂಗಿಯ ಮೇಲೆ ಕಣ್ಣಿಟ್ಟ ಯುವಕನು ಕ್ಯಾಟ್‌ಳನ್ನು ಒಲಿಸಲು ಪ್ಯಾಟ್ರಿಕ್‌ನಿಗೆ ಹಣ ಕೊಡುತ್ತಾನೆ. ಇದು ಚಿತ್ರಕಥೆಗಾರ್ತಿಯರ ಹೊಸ ಕಲ್ಪನೆಯೆಂದು ತೋರಬಹುದು. ಆದರೆ ಮೂಲದಲ್ಲಿಯೂ ತಂಗಿ ಬಿಯಾಂಕಾಳನ್ನು ಬಯಸುವವರು ಪೆಟ್ರೂಷಿಯೊನ ಪ್ರಣಯದ ವೆಚ್ಚವನ್ನು ಭರಿಸಲು ಒಪ್ಪುತ್ತಾರೆ. ಮೂಲದಲ್ಲಿ ಸಹಜವೆಂಬಂತೆ ಸಾಗುವ ವ್ಯವಹಾರವನ್ನು ಸಿನಿಮಾ ನಾಯಕನ ಅಪರಾಧವನ್ನಾಗಿಸಿದೆ. ಇದು ವಿಮರ್ಶಾತ್ಮಕ ಓದು.

ಕೊನೆಯ ಭಾಷಣದ ಸ್ಥಾನದಲ್ಲಿ ತರಗತಿಯಲ್ಲಿ ವಾಚಿಸುವ ಕವಿತೆ ಬಂದಿದೆ. ಶೇಕ್ಸ್‌ಪಿಯರ್‌ನ ಸುನೀತವೊಂದರ ಮಾದರಿಯಲ್ಲಿ ಬರೆಯಲು ಅಧ್ಯಾಪಕರು ಹೇಳಿರುತ್ತಾರೆ. ಓದಲು ಕ್ಯಾಟ್ ತಾನಾಗಿಯೇ ಮುಂದಾಗುತ್ತಾಳೆ. ಸಭೆಯ ಎದುರಿನ ಮಾತು ಎಂಬ ಚೌಕಟ್ಟು ಉಳಿದಿದೆ; ಗಂಡನ ಆಜ್ಞೆ, ಪಣಗಳು ಇಲ್ಲವಾಗಿವೆ. ಕ್ಯಾಥರಿನಾ ಇತರ ಹೆಂಡತಿಯರಿಗೆ ಬುದ್ಧಿ ಹೇಳಿದರೆ, ಕ್ಯಾಟ್ ತನ್ನನ್ನು ವಂಚಿಸಿದವನ ದೋಷಗಳನ್ನು ಎಣಿಸುತ್ತ ತನ್ನ ಒಲವನ್ನೂ ಒಪ್ಪಿಕೊಳ್ಳುತ್ತಾಳೆ.

ಆದರೂ ಈ ಉತ್ತರಕ್ಕೆ ಮಿತಿಗಳಿವೆ. ಸ್ತ್ರೀವಾದಿ ಕೃತಿಗಳನ್ನು ಓದುವ ಕ್ಯಾಟ್‌ಳ ಸಿಟ್ಟಿಗೆ ಹಿಂದಿನ ಕಹಿ ಸಂಬಂಧವೊಂದನ್ನು ಕಾರಣವಾಗಿ ನೀಡುವ ಮೂಲಕ ಸಿನಿಮಾ ಸಾಮಾಜಿಕ ಪ್ರತಿಭಟನೆಯನ್ನು ಖಾಸಗಿ ಗಾಯವನ್ನಾಗಿ ಕುಗ್ಗಿಸುತ್ತದೆ. ಪ್ಯಾಟ್ರಿಕ್ ಅದೇ ಹಣದಿಂದ ಗಿಟಾರ್ ಕೊಂಡು ಕೊಟ್ಟಾಗ ವಂಚನೆಯ ಫಲವೇ ಪ್ರಾಯಶ್ಚಿತ್ತವಾಗಿಬಿಡುತ್ತದೆ.

ಕನ್ನಡದಲ್ಲಿ ಇದೇ ನಾಟಕ ಬೇರೊಂದು ದಾರಿ ಹಿಡಿಯಿತು. ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕವಾಗಿ, ಅದರ ಮೂಲಕ ಎಂ. ಎಸ್. ರಾಜಶೇಖರ್ ನಿರ್ದೇಶನದ ‘ನಂಜುಂಡಿ ಕಲ್ಯಾಣ’ (1989) ಸಿನಿಮಾವಾಗಿ ಅದು ಜನಪ್ರಿಯವಾಯಿತು. ಇಲ್ಲಿ ಸೊಕ್ಕಿನ ಹೆಣ್ಣನ್ನು ಪಳಗಿಸುವ ಆಶಯವೇ ಮುಂದುವರಿದಿದೆ. ಶೀರ್ಷಿಕೆಗಳೇ ಈ ಅಂತರವನ್ನು ಸೂಚಿಸುತ್ತವೆ: ಶೇಕ್ಸ್‌ಪಿಯರ್‌ನಲ್ಲಿ ಪಳಗಿಸುವ ಕ್ರಿಯೆ, ಪರ್ವತವಾಣಿಯವರಲ್ಲಿ ಗಂಡನ ಸಾಹಸ, ಕನ್ನಡ ಸಿನಿಮಾದಲ್ಲಿ ಕಲ್ಯಾಣ, ಅಮೆರಿಕದ ಸಿನಿಮಾದಲ್ಲಿ ಮಾತ್ರ ‘ನಾನು’ ಎನ್ನುವ ಹೆಣ್ಣಿನ ದನಿ.

ಹತ್ತು ವರ್ಷಗಳ ಅಂತರದಲ್ಲಿ ಬಂದ ಈ ಎರಡು ಸಿನಿಮಾಗಳಲ್ಲಿ ಕಥಾಬೀಜಕ್ಕೆ ಹತ್ತಿರವಿರುವುದು ಒಂದು. ಅದರ ತೊಡಕನ್ನು ಎದುರಿಸಿರುವುದು ಇನ್ನೊಂದು. ನಿಷ್ಠೆಯೊಂದನ್ನೇ ಮಾನದಂಡವಾಗಿಸಿಕೊಂಡರೆ ಈ ವ್ಯತ್ಯಾಸ ನಮ್ಮ ಗಮನಕ್ಕೇ ಬರುವುದಿಲ್ಲ. ಆದುದರಿಂದ ನಾಟಕದ ಪಾಠದ ಜೊತೆಗೆ ಇಂತಹ ರೂಪಾಂತರಗಳನ್ನೂ ತರಗತಿಯಲ್ಲಿ ಚರ್ಚಿಸಬೇಕು. ಕ್ಯಾಥರಿನಾಳ ಕೊನೆಯ ಮಾತನ್ನು ಹೇಗೆ ಅರ್ಥೈಸಬೇಕೆಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ತಮ್ಮದಾಗಿಸಿಕೊಳ್ಳಲು ಅದು ನೆರವಾಗುತ್ತದೆ.