ಚರೆಕೋವಿಯೂ ಅದರ ಉಪಾಂಗಗಳೂ

ಬೀದರ ಜಿಲ್ಲೆಯ ಕಮಲನಗರ, ಔರಾದ, ಭಾಲ್ಕಿ ಸೀಮೆಯ ಹೊಲಗಳಲ್ಲಿ ತೊಗರಿ, ಉದ್ದು, ಸೋಯಾ ಬಲಿಯುವ ಕಾಲಕ್ಕೆ ಕಾಡುಹಂದಿಯ ಕಾಟವೂ ಬಲಿಯುತ್ತದೆ. ಹೊಲ ಕಾಯುವವರ ಮಾತಿನಲ್ಲಿ ಆಗ ಕೋವಿಯ ಪ್ರಸ್ತಾಪ ಬಾರದೆ ಇರದು. 1959ರ ಆಯುಧ ಕಾಯಿದೆಯು ಬೆಳೆಯ ರಕ್ಷಣೆಗೆಂದು ಬಾಯಿಂದ ಮದ್ದು ತುಂಬುವ ಕೋವಿಯನ್ನೂ, ಆತ್ಮರಕ್ಷಣೆ ಅಥವಾ ಕ್ರೀಡೆಗೆಂದು 20 ಅಂಗುಲಕ್ಕೆ ಕಡಮೆಯಿಲ್ಲದ ನಳಿಗೆಯುಳ್ಳ ಚರೆಕೋವಿಯನ್ನೂ ಹೆಸರಿಸಿ, ಅವುಗಳಿಗೆ ಪರವಾನಗಿಯ ದಾರಿಯನ್ನು ತೋರಿಸಿದೆ. ಆದರೆ ಪರವಾನಗಿ ಕೈಯಲ್ಲಿದ್ದ ಮಾತ್ರಕ್ಕೆ ಪ್ರಾಣಿಯನ್ನು ಕೊಲ್ಲುವ ಹಕ್ಕು ಬರುವುದಿಲ್ಲ. ಅದನ್ನು ನಿರ್ಣಯಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಬೀದರ ಸೀಮೆಯ ಬಯಲಿನಲ್ಲಿ ನೆಗೆದಾಡುವ ಕೃಷ್ಣಮೃಗವು ಆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿದೆ.

ಕರ್ನಾಟಕದಲ್ಲಿ ಕೋವಿಯು ಮನೆಮನೆಯ ವಸ್ತುವಾಗಿ ಉಳಿದಿರುವುದು ಕೊಡಗಿನಲ್ಲಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿ ಆಯುಧಗಳಿಗೆ ಪೂಜೆ ಸಲ್ಲುತ್ತದೆ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯಗಳು ನಡೆಯುತ್ತವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಹಿಂದಿನಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕ್ರೀಡೆಯ ಕ್ಷೇತ್ರದಲ್ಲಂತೂ ಚರೆಕೋವಿಯು ನಮ್ಮ ದೇಶಕ್ಕೆ ಕೀರ್ತಿಯನ್ನು ತಂದಿದೆ. 1962ರಲ್ಲಿ ಕೈರೋ ನಗರದ ವಿಶ್ವ ಸ್ಪರ್ಧೆಯಲ್ಲಿ ಬಿಕಾನೇರದ ಕರ್ಣಿಸಿಂಗರೂ, 2004ರಲ್ಲಿ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡರೂ ಬೆಳ್ಳಿಯ ಪದಕಗಳನ್ನು ಗಳಿಸಿದರು.

ಕೋವಿಯನ್ನು ಕೊಂಡವನಿಗೆ ಅದಕ್ಕೆ ಜೋಡಿಸುವ ಉಪಾಂಗಗಳ ಆಸೆ ಹುಟ್ಟುವುದು ಸಹಜ. ನಳಿಗೆಯ ತುದಿಗೆ ಬಿಗಿಯುವ ಚೋಕ್, ಹಿಡಿಯ ಹಿಂಬದಿಗೆ ಹಚ್ಚುವ ರಬ್ಬರಿನ ಮೆತ್ತೆ, ತೂಕದ ಬಿಲ್ಲೆ, ದೀಪ, ತೋಟೆಗಳನ್ನು ಸಿಕ್ಕಿಸುವ ಚೌಕಟ್ಟು ಮುಂತಾದವು ಮಾರಾಟಗಾರರ ಪಟ್ಟಿಗಳಲ್ಲಿ ತುಂಬಿವೆ. ಇವುಗಳಲ್ಲಿ ಯಾವುದು ಉಪಯುಕ್ತ, ಯಾವುದು ನಿರರ್ಥಕ, ಯಾವುದು ಅಪಾಯಕರ ಎಂಬುದನ್ನು ತಿಳಿಯಲು ಪ್ರೌಢಶಾಲೆಯ ಭೌತವಿಜ್ಞಾನವೇ ಬಹುಮಟ್ಟಿಗೆ ಸಾಕು. ಅದನ್ನು ಇಲ್ಲಿ ಕ್ರಮವಾಗಿ ವಿಚಾರಿಸೋಣ.

ಬೋರ್ ಎಂದರೇನು?

'ಹನ್ನೆರಡು ಬೋರಿನ ಕೋವಿ' ಎಂಬ ಮಾತನ್ನು ನಾವು ಕೇಳಿದ್ದೇವೆ. ನಳಿಗೆಯಲ್ಲಿ ಸರಿಯಾಗಿ ಹಿಡಿಸುವಂಥ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುತ್ತವೆ ಎಂಬುದೇ ಇದರ ಅರ್ಥ. ಒಂದು ಪೌಂಡು 453.6 ಗ್ರಾಂ, ಆದುದರಿಂದ ಒಂದು ಗುಂಡಿನ ತೂಕ 37.8 ಗ್ರಾಂ. ಸೀಸದ ಸಾಂದ್ರತೆ 11.34; ಹಾಗಾಗಿ ಗುಂಡಿನ ಗಾತ್ರ 3.33 ಘನ ಸೆಂ.ಮೀ. ಗೋಳದ ಸೂತ್ರದಿಂದ ವ್ಯಾಸವನ್ನು ಕಂಡುಹಿಡಿದರೆ 18.5 ಮಿ.ಮೀ. ಬರುತ್ತದೆ. ಬೋರಿನ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಲೆಕ್ಕದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ಪಾಠ ಅಡಗಿದೆ. ಇಪ್ಪತ್ತು ಬೋರಿನ ತೋಟೆಯು ಹನ್ನೆರಡು ಬೋರಿನ ನಳಿಗೆಯೊಳಕ್ಕೆ ಜಾರಿ, ಸ್ವಲ್ಪ ಮುಂದೆ ಸಿಕ್ಕಿಕೊಳ್ಳುತ್ತದೆ. ಅದನ್ನು ಗಮನಿಸದೆ ಹಿಂದಿನಿಂದ ಹನ್ನೆರಡು ಬೋರಿನ ತೋಟೆಯನ್ನು ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಇಪ್ಪತ್ತು ಬೋರಿನ ತೋಟೆಗಳಿಗೆ ಹಳದಿ ಬಣ್ಣವನ್ನು ಕೊಡುವ ಪದ್ಧತಿಯು ಬಂದದ್ದು ಈ ಕಾರಣದಿಂದಲೇ. ಎರಡು ಬಗೆಯ ತೋಟೆಗಳನ್ನು ಒಂದೇ ಚೀಲದಲ್ಲಿ ಎಂದಿಗೂ ಇಡಬಾರದು.

ಅರೆಸ್ವಯಂಚಾಲಿತ ಕೋವಿಯ ಕ್ರಿಯೆ

ಒಂದು ಈಡು ಹಾರಿದೊಡನೆ ಖಾಲಿ ತೋಟೆಯನ್ನು ತಾನೇ ಹೊರಕ್ಕೆಸೆದು, ಮುಂದಿನ ತೋಟೆಯನ್ನು ತಾನೇ ಒಳಕ್ಕೆ ತೆಗೆದುಕೊಳ್ಳುವ ಕೋವಿಯೇ ಅರೆಸ್ವಯಂಚಾಲಿತ ಕೋವಿ. ಪ್ರತಿ ಈಡಿಗೂ ಬೆರಳಿನಿಂದ ಮತ್ತೆ ಒತ್ತಲೇಬೇಕಾದ್ದರಿಂದ 'ಅರೆ' ಎಂಬ ವಿಶೇಷಣ. ಇದಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ? ಮೂರು ಮಾರ್ಗಗಳುಂಟು.

ಮೊದಲನೆಯದು ಅಮೆರಿಕದ ಜಾನ್ ಬ್ರೌನಿಂಗ್ ಎಂಬಾತನು ಕಲ್ಪಿಸಿದ್ದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ತಯಾರಾದ ಅವನ 'ಆಟೊ-5' ಕೋವಿಯಲ್ಲಿ ನಳಿಗೆಯೇ ಹಿಂದಕ್ಕೆ ಸರಿಯುತ್ತದೆ. ಆ ಚಲನೆಯನ್ನು ತಡೆಯಲು ಒಂದು ಘರ್ಷಣೆಯ ಉಂಗುರವಿದೆ. ಹಗುರ ತೋಟೆಗೆ ಒಂದು ಬಗೆಯಲ್ಲಿ, ಭಾರಿ ತೋಟೆಗೆ ಮತ್ತೊಂದು ಬಗೆಯಲ್ಲಿ ಅದನ್ನು ಕೂಡಿಸಬೇಕು. ಹಗುರ ತೋಟೆಯ ಜೋಡಣೆಯಲ್ಲಿ ಭಾರಿ ತೋಟೆಯನ್ನು ಹಾರಿಸುತ್ತ ಹೋದರೆ ಮರದ ಹಿಡಿಯೇ ಸೀಳಬಹುದು. ಎರಡನೆಯ ಮಾರ್ಗದಲ್ಲಿ ನಳಿಗೆಯ ಸಣ್ಣ ರಂಧ್ರಗಳಿಂದ ಸ್ವಲ್ಪ ಅನಿಲವು ಹೊರಬಂದು ಕೊಂತವೊಂದನ್ನು ತಳ್ಳುತ್ತದೆ. 1963ರಲ್ಲಿ ಬಂದ 'ರೆಮಿಂಗ್ಟನ್ 1100' ಇದಕ್ಕೆ ಪ್ರಸಿದ್ಧ ಉದಾಹರಣೆ. ಮೂರನೆಯದು ಜಡತ್ವದ ಮಾರ್ಗ. ಇಟಲಿಯ ಬೆನೆಲ್ಲಿ ಕೋವಿಗಳಲ್ಲಿ ಇದನ್ನು ಕಾಣಬಹುದು. ಇಲ್ಲಿ ಕೋವಿಯು ಥಟ್ಟನೆ ಹಿಂದಕ್ಕೆ ಒದೆಯುವಾಗ ಒಳಗಿನ ಭಾರವಾದ ಬೋಲ್ಟು ತನ್ನ ಜಡತ್ವದಿಂದ ಇದ್ದಲ್ಲೇ ನಿಲ್ಲಲೆಳಸಿ, ನಡುವಿನ ಸ್ಪ್ರಿಂಗನ್ನು ಅದುಮುತ್ತದೆ. ಆ ಸ್ಪ್ರಿಂಗು ಮರಳಿ ಹಿಗ್ಗಿದಾಗ ಮಿಕ್ಕ ಕೆಲಸ ನಡೆಯುತ್ತದೆ.

ಉಪಾಂಗವನ್ನು ಆರಿಸುವವನಿಗೆ ಈ ಭೇದವು ಅತ್ಯಂತ ಮುಖ್ಯ. ಜಡತ್ವದಿಂದ ನಡೆಯುವ ಕೋವಿಗೆ ದೀಪ, ತೋಟೆಯ ಚೌಕಟ್ಟು, ತೂಕದ ಬಿಲ್ಲೆ ಎಂದು ಭಾರವನ್ನು ಹೇರುತ್ತ ಹೋದರೆ ಅದು ಹಿಂದಕ್ಕೆ ಒದೆಯುವ ವೇಗ ಕುಗ್ಗುತ್ತದೆ. ಆಗ ಸ್ಪ್ರಿಂಗು ಸಾಕಷ್ಟು ಅದುಮಲ್ಪಡದೆ, ಹಗುರ ತೋಟೆಗಳೊಡನೆ ಕೋವಿಯು ನಡುವೆ ಕಚ್ಚಿಕೊಂಡು ನಿಲ್ಲಬಹುದು. ಅನಿಲದಿಂದ ನಡೆಯುವ ಕೋವಿಗೆ ಭಾರದ ತೊಡಕು ಅಷ್ಟಾಗಿ ಇಲ್ಲ; ಆದರೆ ರಂಧ್ರಗಳಲ್ಲಿ ಮಸಿ ಕಟ್ಟದಂತೆ ಶುಚಿಯಾಗಿಡಬೇಕು. ಯಂತ್ರದ ಒಂದು ಭಾಗವನ್ನು ಬದಲಿಸಿದರೆ ಇಡೀ ಯಂತ್ರವೇ ಬದಲಾಗುತ್ತದೆ ಎಂಬ ತತ್ವಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

ಹಿಂದೊದೆತವೂ ರಬ್ಬರಿನ ಮೆತ್ತೆಯೂ

ಬೀದರ ಕೋಟೆಯ ಬುರುಜುಗಳ ಮೇಲಿನ ಭಾರೀ ತೋಪುಗಳನ್ನು ನೋಡಿದವರಿಗೆ, ಇಷ್ಟೊಂದು ಲೋಹವೇಕೆ ಎಂಬ ಪ್ರಶ್ನೆ ಹುಟ್ಟಬಹುದು. ನಳಿಗೆಯ ಬಲವು ಒಂದು ಕಾರಣ. ಹಿಂದೊದೆತವನ್ನು ಕುಗ್ಗಿಸುವುದು ಇನ್ನೊಂದು ಪ್ರಯೋಜನ. ನ್ಯೂಟನ್ನನ ಮೂರನೆಯ ನಿಯಮದಂತೆ ಚರೆಯು ಮುಂದಕ್ಕೆ ಪಡೆದಷ್ಟೇ ಸಂವೇಗವನ್ನು ಕೋವಿಯು ಹಿಂದಕ್ಕೆ ಪಡೆಯುತ್ತದೆ.

ಒಲಿಂಪಿಕ್ ಪಂದ್ಯದ ತೋಟೆಯಲ್ಲಿ 24 ಗ್ರಾಂ ಚರೆಯಿರುತ್ತದೆ. ಚರೆಯ ಬಟ್ಟಲು 3 ಗ್ರಾಂ ಎಂದೂ, ಇವೆರಡರ ವೇಗ ಸೆಕೆಂಡಿಗೆ 400 ಮೀಟರ್ ಎಂದೂ ಇಟ್ಟುಕೊಂಡರೆ ಸಂವೇಗ 10.8 ಮಾನ. ಮದ್ದಿನ ಅನಿಲದ ಪಾಲನ್ನು 1.8 ಎಂದು ಹಿಡಿದರೆ ಒಟ್ಟು 12.6. ಕೋವಿಯ ತೂಕ 3.5 ಕಿಲೋಗ್ರಾಂ ಆದರೆ ಅದು ಸೆಕೆಂಡಿಗೆ 3.6 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅದರ ಚಲನಶಕ್ತಿ ಸುಮಾರು 22.7 ಜೂಲ್. ಕೋವಿಯ ತೂಕವನ್ನು 4 ಕಿಲೋಗ್ರಾಂಗೆ ಏರಿಸಿದರೆ ಇದು 19.8 ಜೂಲ್‌ಗೆ ಇಳಿಯುತ್ತದೆ.

ಈ 22.7 ಜೂಲ್ ಶಕ್ತಿಯನ್ನು ಭುಜವು ಒಂದು ಸೆಂಟಿಮೀಟರಿನಲ್ಲಿ ತಡೆದರೆ ಸರಾಸರಿ ಬಲ 2270 ನ್ಯೂಟನ್. ಮೆತ್ತೆಯ ನೆರವಿನಿಂದ ಎರಡು ಸೆಂಟಿಮೀಟರಿನಲ್ಲಿ ತಡೆದರೆ ಅದರ ಅರ್ಧ. ವೇಗವಾಗಿ ಬರುವ ಚೆಂಡನ್ನು ಹಿಡಿಯುವಾಗ ಆಟಗಾರನು ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ಇದೇ ಯುಕ್ತಿ. ಮೆತ್ತೆಯಾಗಲಿ ಅರೆಸ್ವಯಂಚಾಲಿತ ಯಂತ್ರವಾಗಲಿ ಒಟ್ಟು ಸಂವೇಗವನ್ನು ಕಡಮೆ ಮಾಡಲಾರವು. ಅದನ್ನು ಹೆಚ್ಚು ಕಾಲದ ಮೇಲೆ ಹರಡುತ್ತವೆ, ಅಷ್ಟೆ.

ಆದರೆ ಮೆತ್ತೆಯ ದಪ್ಪವು ಹಿಡಿಯ ಉದ್ದವನ್ನೂ ಹೆಚ್ಚಿಸುತ್ತದೆ ಎಂಬುದನ್ನು ಮರೆಯಬಾರದು. ಹಿಡಿ ಉದ್ದವಾದರೆ ಎತ್ತುವಾಗ ಅಂಗಿಗೆ ಸಿಕ್ಕಿಕೊಳ್ಳುತ್ತದೆ. ಮೋಟಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಆದ್ದರಿಂದ ಮೆತ್ತೆಯನ್ನು ಹಚ್ಚುವ ಮೊದಲು ಅಳೆಯಬೇಕು.

ಕಣ್ಣೇ ಹಿಂದಿನ ಗುರಿ

ಚರೆಕೋವಿಯಲ್ಲಿ ಸಾಮಾನ್ಯವಾಗಿ ಮುಂದಿನ ಗುರಿಮಣಿ ಮಾತ್ರ ಇರುತ್ತದೆ. ಹಿಂದಿನ ಗುರಿಯ ಸ್ಥಾನದಲ್ಲಿರುವುದು ಹೊಡೆಯುವವನ ಕಣ್ಣು. ಕೆನ್ನೆಯು ಹಿಡಿಯ ಮೇಲಂಚಿಗೆ ಎಲ್ಲಿ ತಾಗುವುದೋ ಅದು ಕಣ್ಣಿನ ಎತ್ತರವನ್ನು ನಿರ್ಧರಿಸುತ್ತದೆ. ಕಣ್ಣಿನಿಂದ ಗುರಿಮಣಿಗೆ 90 ಸೆಂ.ಮೀ. ಇದ್ದು, ಕಣ್ಣು 3 ಮಿ.ಮೀ. ಮೇಲಾದರೆ, ಸಮರೂಪ ತ್ರಿಭುಜಗಳ ನಿಯಮದಂತೆ 35 ಮೀಟರ್ ದೂರದಲ್ಲಿ ಈಡು ಸುಮಾರು 12 ಸೆಂ.ಮೀ. ಮೇಲೆ ಹೋಗುತ್ತದೆ. ಪಂದ್ಯದ ಮಣ್ಣಿನ ಬಿಲ್ಲೆಯ ವ್ಯಾಸವೇ 11 ಸೆಂ.ಮೀ.! ಹೊಳೆಯುವ ಹೊಸ ಗುರಿಮಣಿಗಿಂತ ಮೇಲಂಚನ್ನು ಏರಿಸಿ ಇಳಿಸಬಲ್ಲ ಸಾದಾ ಹಿಡಿಯೇ ಮೇಲೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ತೂಕವನ್ನು ಎಲ್ಲಿ ಸೇರಿಸುತ್ತೇವೆ ಎಂಬುದೂ ಮುಖ್ಯ. ತಿರುಗುವ ಕೇಂದ್ರದಿಂದ 10 ಸೆಂ.ಮೀ. ದೂರದಲ್ಲಿಟ್ಟ ನೂರು ಗ್ರಾಂ ತೂಕಕ್ಕಿಂತ 70 ಸೆಂ.ಮೀ. ದೂರದಲ್ಲಿಟ್ಟ ಅದೇ ತೂಕವು ತಿರುಗುವಿಕೆಯನ್ನು 49 ಪಟ್ಟು ಹೆಚ್ಚಾಗಿ ತಡೆಯುತ್ತದೆ. ದೂರದ ವರ್ಗವನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಳಿಗೆಯ ತುದಿ ಭಾರವಾದರೆ ಕೋವಿ ನಿಧಾನವಾಗಿ, ಆದರೆ ಸಮನಾಗಿ ತೂಗುತ್ತದೆ. ಹಗುರವಾದರೆ ಬೇಗ ತಿರುಗಿ ಬೇಗ ನಿಂತುಬಿಡುತ್ತದೆ.

ಚೋಕ್

ನಳಿಗೆಯ ಕೊನೆಯಲ್ಲಿ ಅದನ್ನು ತುಸು ಕಿರಿದುಗೊಳಿಸುವುದೇ ಚೋಕ್. ಪೂರ್ಣ ಚೋಕ್ ಎಂದರೂ ಕಿರಿದಾಗುವುದು ಸುಮಾರು ಒಂದು ಮಿಲಿಮೀಟರ್ ಮಾತ್ರ. ಇದರಿಂದ ಚರೆಗಳ ವೇಗವು ಹೇಳಿಕೊಳ್ಳುವಂತೆ ಹೆಚ್ಚುವುದಿಲ್ಲ. ಅವು ಚದುರುವುದು ತಡವಾಗುತ್ತದೆ. ಸುಮಾರು 36.5 ಮೀಟರ್ ದೂರದಲ್ಲಿ 76 ಸೆಂ.ಮೀ. ವ್ಯಾಸದ ವೃತ್ತದೊಳಗೆ ಬೀಳುವ ಚರೆಗಳು, ಚೋಕ್ ಇಲ್ಲದ ನಳಿಗೆಯಿಂದ ನೂರಕ್ಕೆ 40, ಅರೆ ಚೋಕಿನಿಂದ 60, ಪೂರ್ಣ ಚೋಕಿನಿಂದ 70 ಎಂಬುದು ರೂಢಿಯ ಅಳತೆ.

24 ಗ್ರಾಂ ತೋಟೆಯಲ್ಲಿ 2.4 ಮಿ.ಮೀ. ಚರೆಗಳು ಸುಮಾರು 300 ಇರುತ್ತವೆ. ಪೂರ್ಣ ಚೋಕಿನಲ್ಲಿ 210 ಚರೆಗಳು ವೃತ್ತದೊಳಗೆ ಬಿದ್ದರೆ ಪ್ರತಿ 22 ಚದರ ಸೆಂಟಿಮೀಟರಿಗೆ ಒಂದರಂತಾಯಿತು. ಚೋಕ್ ಇಲ್ಲದಿದ್ದರೆ 38 ಚದರ ಸೆಂಟಿಮೀಟರಿಗೆ ಒಂದು. ಅಂಚು ತೋರಿಸುತ್ತ ದೂರಕ್ಕೆ ಹಾರುವ ಬಿಲ್ಲೆಗೆ ಬಿಗಿಯಾದ ಚೋಕ್ ಏಕೆ ಬೇಕೆಂಬುದು ಈಗ ತಿಳಿಯಿತಷ್ಟೆ. ಹತ್ತಿರದ ಗುರಿಗೆ ಅದೇ ಚೋಕ್ ತೊಡಕಾಗುತ್ತದೆ. ಚರೆಗಳೆಲ್ಲ ಒಂದೇ ಗೊಂಚಲಾಗಿ ಗುರಿಯ ಪಕ್ಕದಲ್ಲಿ ಹಾದುಹೋಗಬಹುದು.

ಕೊಳವೆಯಂತೆ ತಿರುಗಿಸಿ ಕೂಡಿಸುವ ಚೋಕಿನ ತಿರುಪು ನಳಿಗೆಯ ತಿರುಪಿಗೆ ಪೂರ್ತಿಯಾಗಿ ಹೊಂದಬೇಕು. ಒಬ್ಬ ತಯಾರಕನ ಚೋಕ್ ಇನ್ನೊಬ್ಬನ ನಳಿಗೆಗೆ ಹಿಡಿಸಿದಂತೆ ಕಂಡರೂ ಸರಿಯೆನ್ನಲಾಗದು. ಅದು ಸಡಿಲವಾಗಿದ್ದರೆ ಅನಿಲವು ಸಂದಿಗೆ ನುಗ್ಗಿ ನಳಿಗೆಯ ಬಾಯಿಯನ್ನೇ ಸೀಳಬಹುದು. ಉಕ್ಕಿನ ಚರೆಯು ಸೀಸದಂತೆ ಮೆತ್ತಗಾಗದು. ಅದಕ್ಕೆಂದು ಗುರುತಿಸಿದ ಚೋಕನ್ನೇ ಬಳಸಬೇಕು. ಕೂಡಿಸುವ ಮೊದಲು ಕೋವಿಯಲ್ಲಿ ತೋಟೆಯಿಲ್ಲವೆಂದು ಎರಡು ಸಲ ನೋಡುವುದು, ಕೆಲಸವನ್ನು ಬಲ್ಲ ಕೋವಿಗಾರನ ಕೈಯಲ್ಲಿ ಮಾಡಿಸುವುದು, ಆ ಬಳಿಕ ಅಧಿಕೃತ ಮೈದಾನದಲ್ಲಿ ದೊಡ್ಡ ಕಾಗದಕ್ಕೆ ಹೊಡೆದು ಚರೆಯ ತೂತುಗಳನ್ನು ಎಣಿಸುವುದು, ಇವೇ ಕ್ರಮ. ಪಟ್ಟಿಯ ಮಾತಿಗಿಂತ ಕಾಗದದ ತೂತು ಹೆಚ್ಚು ಸತ್ಯವನ್ನಾಡುತ್ತದೆ.

ಕಾನೂನೂ ಕಿವಿಯೂ

ಅರೆಸ್ವಯಂಚಾಲಿತ ಕೋವಿಗಳ ಮೇಲೆ ನಮ್ಮ ಆಯುಧ ನಿಯಮಗಳ ಕಟ್ಟುಪಾಡು ಸಾಮಾನ್ಯ ಕೋವಿಗಿಂತ ಬಿಗಿಯಾಗಿದೆ. ಶಬ್ದವನ್ನೋ ಬೆಂಕಿಯ ಮಿಂಚನ್ನೋ ಕುಗ್ಗಿಸಲೆಂದು ಮಾಡಿದ ಉಪಾಂಗವನ್ನು 1959ರ ಕಾಯಿದೆಯು ಸ್ವತಃ ಬಂದೂಕಿನ ಸಾಲಿಗೇ ಸೇರಿಸಿದೆ. ನಳಿಗೆಯನ್ನು ಅನುಮತಿಯಿಲ್ಲದೆ ಮೋಟುಗೊಳಿಸುವುದೂ ಅಪರಾಧ. ಆದ್ದರಿಂದ ಯಾವ ಮಾರ್ಪಾಟಿಗೂ ಮುನ್ನ ಪರವಾನಗಿಯ ಅಧಿಕಾರಿಯನ್ನು ವಿಚಾರಿಸುವುದು ಕ್ಷೇಮ.

ಕೋವಿಗೆ ಜೋಡಿಸದೆ ಮೈಮೇಲೆ ಧರಿಸುವ ಉಪಾಂಗಗಳೇ ಎಲ್ಲಕ್ಕಿಂತ ಮಿಗಿಲು. ಚರೆಕೋವಿಯ ಸದ್ದು 150 ಡೆಸಿಬೆಲನ್ನು ಮೀರುತ್ತದೆ. 140ರ ಮೇಲಿನ ಒಂದೇ ಸದ್ದು ಒಳಗಿವಿಯ ಸೂಕ್ಷ್ಮ ರೋಮಕೋಶಗಳನ್ನು ನಾಶಪಡಿಸಬಲ್ಲದು. ಅವು ಮತ್ತೆ ಬೆಳೆಯುವುದಿಲ್ಲ. ಪ್ರತಿ 20 ಡೆಸಿಬೆಲಿಗೆ ಒತ್ತಡವು ಹತ್ತುಪಟ್ಟಾಗುತ್ತದೆ. ಸರಿಯಾಗಿ ಕೂತ ಕಿವಿಮುಚ್ಚಿಗೆಯು 25 ಡೆಸಿಬೆಲ್ ತಗ್ಗಿಸಿದರೆ 160 ಇದ್ದದ್ದು 135ಕ್ಕೆ ಇಳಿಯುತ್ತದೆ. ಕಣ್ಣಿಗೆ ಒಡೆಯದ ಕನ್ನಡಕವೂ ಇರಲೇಬೇಕು. ಆದುದರಿಂದ ಹಣ ಕಡಮೆಯಿರುವವನು ಮೊದಲು ಕಿವಿ ಕಣ್ಣುಗಳ ರಕ್ಷಣೆಗೂ, ಅನಂತರ ಹಿಡಿಯ ಅಳತೆಗೂ, ಆಮೇಲೆ ಚೋಕಿಗೂ ವೆಚ್ಚ ಮಾಡಲಿ. ಮಿಕ್ಕ ಅಲಂಕಾರಗಳು ಅಂಗಡಿಯಲ್ಲೇ ಉಳಿದರೆ ನಷ್ಟವೇನಿಲ್ಲ.

ಅಭ್ಯಾಸ

1. ಇಪ್ಪತ್ತು ಬೋರಿನ ನಳಿಗೆಯ ವ್ಯಾಸವೆಷ್ಟು? (ಉತ್ತರ: 15.6 ಮಿ.ಮೀ.)

2. ಮೇಲಿನ ತೋಟೆಯನ್ನೇ 3 ಕಿಲೋಗ್ರಾಂ ಕೋವಿಯಿಂದ ಹಾರಿಸಿದರೆ ಹಿಂದೊದೆತದ ಶಕ್ತಿ ಎಷ್ಟು? (ಉತ್ತರ: ಸುಮಾರು 26.5 ಜೂಲ್)

3. ಕಣ್ಣು 2 ಮಿ.ಮೀ. ಮೇಲಾದರೆ 27 ಮೀಟರ್ ದೂರದಲ್ಲಿ ಈಡು ಎಷ್ಟು ಮೇಲೆ ಹೋದೀತು? (ಉತ್ತರ: 6 ಸೆಂ.ಮೀ.)