ನೆಲದೊಳಗಿನ ವೆಚ್ಚ

ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ಅನತಿದೂರದಲ್ಲಿ, ಎದುರುಬದುರಾಗಿ ಎರಡು ಬಂಡಿಗಳು ಬಂದರೆ ಒಂದು ಹಿಂದೆ ಸರಿಯಲೇಬೇಕಾದಷ್ಟು ಕಿರಿದಾದ ಬೀದಿಯಲ್ಲಿ, ನನ್ನ ತಂದೆಯವರು ಕೊಂಡು ಬಾಳಿದ ಮನೆಗೆ ಹನ್ನೆರಡು ವರ್ಷಗಳ ಪರಸ್ಥಳವಾಸವನ್ನು ಮುಗಿಸಿ ನಾನು ಹಿಂದಿರುಗಿದಾಗ, ಮನೆಯ ಉತ್ತರಕ್ಕಿರುವ ಹಿತ್ತಲು ಹಿತ್ತಲೆಂದು ಗುರುತಿಸಲಾರದ ಸ್ಥಿತಿಯಲ್ಲಿದ್ದಿತು. ಅಗಲ 30 ಅಡಿ, ಉದ್ದ 45 ಅಡಿ ಇರುವ ಆ ನೆಲದಲ್ಲಿ ಕಾಂಗ್ರೆಸ್ ಕಳೆ ಎದೆಯೆತ್ತರಕ್ಕೆ ನಿಂತಿದ್ದಿತು; ಅದರ ನಡುವೆ ಒಡೆದ ಕೊಳವೆಗಳು, ಯಾರ ಮನೆಯದೋ ಗಾರೆಯ ಚಕ್ಕೆಗಳು, ಬಣ್ಣದ ಡಬ್ಬಗಳು, ಒಂದು ಮುರುಕು ತೊಟ್ಟಿಲು. ವಾಯವ್ಯದ ಮೂಲೆಯ ಹಲಸಿನ ಮರವೊಂದೇ ನನ್ನ ಬಾಲ್ಯದಲ್ಲಿದ್ದಂತೆ ಇದ್ದಿತು. ಅಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ಹುಡುಕಲು ಅರ್ಧ ದಿನ ಹಿಡಿಯಿತು. ಕಲ್ಲು ಸಿಕ್ಕ ಆ ದಿನವೇ ಈ ನೆಲವನ್ನು ಮತ್ತೆ ಹಿತ್ತಲನ್ನಾಗಿ ಮಾಡಬೇಕೆಂದು ಸಂಕಲ್ಪಿಸಿದೆನು.

ಸಂಕಲ್ಪವೇನೋ ಶುದ್ಧವಾಗಿದ್ದಿತು, ಅದರ ಹಿಂದಿದ್ದ ಚಿತ್ರವು ಮಾತ್ರ ಎರವಲಿನದು. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿಗೆ ಬರುವುದಕ್ಕೆ ಎಷ್ಟೋ ಮೊದಲೇ ಹಲಸೂರು ಗ್ರಾಮವಾಗಿದ್ದಿತು. ಆದರೆ 1947ರ ಜುಲೈಯಲ್ಲಿ ದಂಡುಪ್ರದೇಶವು ಮೈಸೂರಿಗೆ ಮರಳಿದ ಮೇಲೆಯೂ, ನಮ್ಮ ತಲೆಮಾರಿನ ಹುಡುಗರಿಗೆ ತೋಟವೆಂದರೆ ಕುಕ್ ಟೌನಿನ, ರಿಚರ್ಡ್ಸ್ ಟೌನಿನ ಬಂಗಲೆಗಳ ಮುಂದಿನ ತೋಟವೇ: ಮರದ ಜಾಲರಿ ಹೊತ್ತ ಮೊಗಸಾಲೆ, ಅದರ ಕೆಳಗೆ ಸಾಲಾಗಿ ಕ್ರೋಟನ್ ಕುಂಡಗಳು, ನಡುವೆ ಹಸುರು ಹುಲ್ಲುಹಾಸು, ಅಂಚಿನಲ್ಲಿ ಗುಲಾಬಿ. ನಾನು ಕಟ್ಟಿಕೊಂಡ ಕನಸು ಅದೇ. 80,000 ರೂಪಾಯಿಗಳನ್ನು ತೆಗೆದಿಟ್ಟು, ಅದರಲ್ಲಿ 52,000ವನ್ನು ಗಿಡಗಳಿಗೂ ಹುಲ್ಲಿಗೂ ಮೀಸಲಿಟ್ಟು, ಮಿಕ್ಕುದರಲ್ಲಿ ಮೇಲುಮೇಲಿನ ಕಸವನ್ನು ಎತ್ತಿಸಿ, ಉಳಿದುದರ ಮೇಲೆ ನಾಲ್ಕು ಅಂಗುಲ ಕೆಮ್ಮಣ್ಣನ್ನು ಹರಡಿಸಿದೆನು. ಗುತ್ತಿಗೆದಾರರು ಸೂಚಿಸಿದರು, ನಾನು ಒಪ್ಪಿದೆನು. ಒಪ್ಪಿಗೆ ನನ್ನದಾದುದರಿಂದ ಹೊಣೆಯೂ ನನ್ನದೇ. ಮಾರ್ಚಿನಲ್ಲಿ ನೆಟ್ಟ 24 ಗುಲಾಬಿಗಳು ಏಪ್ರಿಲಿನಲ್ಲಿ ಹೂಬಿಟ್ಟುವು. ಮೇ ತಿಂಗಳ ಎರಡು ಜೋರುಮಳೆಗಳಿಗೆ ಈಶಾನ್ಯದ ತಗ್ಗಿನಲ್ಲಿ ಮೂರು ದಿನ ನೀರು ನಿಂತು, 14 ಗಿಡಗಳು ಬೇರುಕೊಳೆತು ಸತ್ತುವು; ಉಳಿದವುಗಳ ಎಲೆ ಹಳದಿಯಾಗಿ ನರಗಳು ಮಾತ್ರ ಹಸುರಾಗಿ ನಿಂತುವು. ಹುಲ್ಲು ಚಾಪೆಯಂತೆ ಎದ್ದುಬಂದಿತು.

ಇಂದಿರಾನಗರದಲ್ಲಿ ಅರವತ್ತು ನಲವತ್ತರ ನಿವೇಶನದಲ್ಲಿ ಮನೆಮಾಡಿಕೊಂಡಿರುವ ನನ್ನ ಸ್ನೇಹಿತರೊಬ್ಬರು, ವೃತ್ತಿಯಲ್ಲಿ ಇಂಜಿನಿಯರಾಗಿದ್ದವರು, ಬಂದು ನೋಡಿ ಹೇಳಿದುದು ಒಂದೇ ಮಾತು: ಮುಂದಿನ ಮಳೆಗಾಲ ಪೂರ್ತಿಯಾಗಿ ಕಳೆಯುವವರೆಗೆ ಒಂದು ಕಾಸನ್ನೂ ವೆಚ್ಚಮಾಡಬೇಡಿ; ನೋಡುತ್ತಿರಿ, ಬರೆಯುತ್ತಿರಿ. ಹಣವುಳ್ಳವನಿಗೂ ಉತ್ಸಾಹವುಳ್ಳವನಿಗೂ ಇದಕ್ಕಿಂತ ಕಠಿಣವಾದ ಉಪದೇಶವಿಲ್ಲ. ಆದಾಗ್ಯೂ ಅದರಂತೆ ನಡೆದೆನು. ಆ ಒಂದು ವರ್ಷದ ನೋಟಕ್ಕೆ ನಾನು ಎಷ್ಟು ಋಣಿಯೆಂಬುದನ್ನು ಇಂದಿಗೂ ಹೇಳಿ ಮುಗಿಸಲಾರೆ.

ಮೊದಲು ಬಿಸಿಲು. ನಮ್ಮ ಊರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರದಲ್ಲಿದೆ. ಅದುಕಾರಣ ಏಪ್ರಿಲ್ 24ರ ಸುಮಾರಿನಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಗೆ ಉತ್ತರದಲ್ಲಿಯೂ ಉಳಿದ ಕಾಲದಲ್ಲಿ ದಕ್ಷಿಣದಲ್ಲಿಯೂ ಇರುತ್ತಾನೆ. ಇದನ್ನು ಪಾಠಶಾಲೆಯಲ್ಲಿ ಓದಿದ್ದೆನಾದರೂ ಹಿತ್ತಲಿಗೆ ಅನ್ವಯಿಸಿಕೊಂಡಿರಲಿಲ್ಲ. ನಮ್ಮ ಮನೆಯ ಹಿಂಗೋಡೆ 20 ಅಡಿ ಎತ್ತರ. ಜೂನ್ ತಿಂಗಳ ಮಧ್ಯಾಹ್ನ ಅದರ ಬುಡದವರೆಗೂ ಬಿಸಿಲು ಬೀಳುತ್ತಿದ್ದರೆ, ಡಿಸೆಂಬರಿನಲ್ಲಿ ಅದೇ ಗೋಡೆಯ ನೆರಳು ಸುಮಾರು 15 ಅಡಿ ಚಾಚುತ್ತದೆ. ಹಿತ್ತಲಿನ ಮೂರನೆಯ ಒಂದು ಪಾಲು ಚಳಿಗಾಲವಿಡೀ ನೆರಳಿನಲ್ಲಿರುವ ನೆಲ. ಅಲ್ಲಿಯೂ ನಾನು ಗುಲಾಬಿಯನ್ನು ನೆಟ್ಟಿದ್ದೆನು. ಚೌಕುಳಿ ಕಾಗದದ ಮೇಲೆ ಪ್ರತಿ ತಿಂಗಳೂ ಒಂದು ದಿನ, ಎಂಟು ಗಂಟೆಗೆ, ನಡುಹಗಲಿಗೆ, ನಾಲ್ಕು ಗಂಟೆಗೆ, ನೆರಳಿನ ಅಂಚನ್ನು ಗುರುತುಮಾಡುತ್ತ ಹೋದೆನು. ಹನ್ನೆರಡು ತಿಂಗಳಾದ ಮೇಲೆ ಆ ಕಾಗದವೇ ನನ್ನ ನಕ್ಷೆಯಾಯಿತು.

ತರುವಾಯ ಮಣ್ಣು. ಒಂದಡಿ ಆಳದ ಗುಣಿಯನ್ನು ತೋಡಿ, ನೀರು ತುಂಬಿ, ಎಷ್ಟು ಹೊತ್ತಿಗೆ ಇಂಗುವುದೆಂದು ನೋಡಿದೆನು. ಹಲಸಿನ ಬುಡದ ಬಳಿ ಮಧ್ಯಾಹ್ನದೊಳಗೆ ನೀರೆಲ್ಲ ಮಾಯವಾಯಿತು; ಗುಲಾಬಿ ಸತ್ತ ಕಡೆ ಒಂದು ಹಗಲಿಗೆ ನಾಲ್ಕು ಬೆರಳು ಮಾತ್ರ ಇಳಿಯಿತು. ಐದು ಕಡೆಯಿಂದ ಆರಂಗುಲ ಆಳದ ಮಣ್ಣನ್ನು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಪರೀಕ್ಷೆಗೆ ಕೊಟ್ಟೆನು. ಬೆಂಗಳೂರಿನ ಕೆಮ್ಮಣ್ಣು ಸ್ವಭಾವತಃ ಸ್ವಲ್ಪ ಆಮ್ಲಗುಣದ್ದು. ನನ್ನ ಮಣ್ಣಿನ ರಸಸಾರ 8.3 ಎಂದು ಬಂದಿತು. ಕಾರಣವು ಸ್ಪಷ್ಟ: ನೆಲದೊಳಗೆ ಹೂತಿದ್ದ ಸುಣ್ಣಗಾರೆಯೂ ಸಿಮೆಂಟೂ ಮಳೆಮಳೆಗೂ ಕರಗಿ ಮಣ್ಣನ್ನು ಕ್ಷಾರಗೊಳಿಸಿದ್ದುವು. ಮಣ್ಣಿಗೆ ಕೆಂಪು ಬಣ್ಣ ಬಂದಿರುವುದೇ ಕಬ್ಬಿಣದಿಂದ. ಆದರೂ ಕ್ಷಾರವು ಹೆಚ್ಚಿದೆಡೆ ಆ ಕಬ್ಬಿಣವು ಬೇರಿಗೆ ದಕ್ಕದು. ಕಣಜದ ನಡುವೆ ಕುಳಿತು ಹಸಿದವರಂತೆ ಆ ಗಿಡಗಳು ಹಳದಿಯಾಗಿದ್ದುವು. ಯಾವ ಗೊಬ್ಬರದಿಂದಲೂ ಅದು ಸರಿಹೋಗುವಂತಿರಲಿಲ್ಲ. ಹೂತದ್ದನ್ನು ಅಗೆದು ತೆಗೆಯಲೇಬೇಕಾಗಿದ್ದಿತು.

ಇಷ್ಟಾದ ಬಳಿಕ ಎರಡನೆಯ ಅಂದಾಜನ್ನು ಬರೆದೆನು. ಈ ಸಲ ಕಾಗದದ ತುದಿಯಲ್ಲಿ ಗಿಡಗಳಿರಲಿಲ್ಲ; ಅವು ಕೊನೆಯ ಸಾಲಿಗೆ ಇಳಿದಿದ್ದುವು. ಮೊತ್ತ 1,06,000, ಅದರ ಕಾಲುಭಾಗವಾದ 26,500ನ್ನು ಕಾಣದ ಕೆಲಸಗಳಿಗೆಂದು ಬೇರೆ ತೆಗೆದಿಟ್ಟೆನು.

ಕಳೆಯನ್ನು ಹೂವಾಗುವುದಕ್ಕೆ ಮೊದಲೇ, ಕೈಗೆ ಗವಸು ತೊಟ್ಟು, ಬೇರುಸಹಿತ ಕೀಳಿಸಿದೆವು. ಅಮೆರಿಕದಿಂದ ಬಂದ ಈ ಪಾರ್ಥೇನಿಯಮ್ಮನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿಯೇ ಮೊದಲು ಬಿಡಲಾಯಿತೆಂಬುದು ಅನೇಕರಿಗೆ ತಿಳಿಯದು. ಮಳೆಗಾಲದಲ್ಲಿ ನಮ್ಮ ಹಿತ್ತಲಿಗೂ ಅದು ಬಂದು ಎಲೆಗಳನ್ನು ಜಾಲರಿಯಂತೆ ಮಾಡಿದ್ದಿತು. ಆದರೆ ಒಂದೊಂದು ಗಿಡವೂ ಸಾವಿರಾರು ಬೀಜ ಚೆಲ್ಲುವಾಗ ದುಂಬಿಯೊಂದನ್ನೇ ನಂಬಿ ಕೂರಲಾಗದು. ಕಳೆಯ ಕೆಳಗಿದ್ದ ಅವಶೇಷವನ್ನು ಇಬ್ಬರು ಆಳುಗಳು ಆರು ದಿನ ಅಗೆದರು: ಕೂಲಿ 10,800, ಏಳು ಟ್ರಾಕ್ಟರ್ ಲೋಡುಗಳಿಗೆ, ಲೋಡಿಗೆ 2,500ರಂತೆ, 17,500. ಅರ್ಧ ಬಾಡಿಗೆಗೆ ಕೆರೆಯಂಚಿಗೋ ಖಾಲಿ ನಿವೇಶನಕ್ಕೋ ಸುರಿದುಬರುತ್ತೇವೆಂದವರಿದ್ದರು; ನಮ್ಮ ನೆಲದ ರೋಗವನ್ನು ಇನ್ನೊಬ್ಬರ ನೆಲಕ್ಕೆ, ಅದರಲ್ಲಿಯೂ ಕೆರೆಗೆ, ದಾಟಿಸುವುದಕ್ಕೆ ಮನಸ್ಸು ಒಪ್ಪದೆ, ಕಟ್ಟಡದ ಅವಶೇಷಕ್ಕೆಂದು ಗೊತ್ತುಮಾಡಿದ ಜಾಗಕ್ಕೇ ಕಳುಹಿಸಿದೆನು. ಗಟ್ಟಿಯಾಗಿದ್ದ ಇಟ್ಟಿಗೆಗಳನ್ನೂ ಮಂಗಳೂರು ಹೆಂಚುಗಳನ್ನೂ ಆರಿಸಿಟ್ಟುಕೊಂಡುದರಿಂದ ಕಾಲುದಾರಿಗೆ ಬೇರೆ ಸಾಮಾನು ಬೇಕಾಗಲಿಲ್ಲ.

ಅಗೆಯುವಾಗ, ನಾಲ್ಕು ಕಲ್ಲುಚಪ್ಪಡಿಗಳ ಕೆಳಗೆ, ಹಳೆಯ ಬಾವಿಯು ಸಿಕ್ಕಿತು. ಅದಿದ್ದುದು ನನಗೆ ಗೊತ್ತಿತ್ತು. ಹೂತುಹೋಗಿರಬಹುದೆಂಬ ಅಳುಕಿದ್ದರೂ ಅಂದಾಜಿನಲ್ಲಿ ಅದಕ್ಕೂ ಹಣವಿಟ್ಟಿದ್ದೆನು. ನಾಲ್ಕಡಿ ವ್ಯಾಸ, ಕಲ್ಲುಕಟ್ಟಡ. ಕಸಹೂಳುಗಳನ್ನೆಲ್ಲ ತೆಗೆದ ಮೇಲೆ 26 ಅಡಿ ಆಳ. ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣೊಡ್ಡರ ಕುಲದ ಮೂವರು ನಾಲ್ಕು ದಿನ ಇಳಿದು ಹತ್ತಿ, ಸಡಿಲವಾದ ಕಲ್ಲುಗಳನ್ನು ಬಿಗಿಮಾಡಿ, ಬಾಯಿಗೆ ಕಬ್ಬಿಣದ ಜಾಲರಿಯನ್ನು ಕೂರಿಸಿಕೊಟ್ಟರು. ಇಳಿಯುವುದಕ್ಕೆ ಮೊದಲು ಉರಿಯುವ ದೀಪವನ್ನು ಹಗ್ಗದಲ್ಲಿ ಬಿಟ್ಟು ಒಳಗಿನ ಗಾಳಿಯನ್ನು ಪರೀಕ್ಷಿಸಿದ ಅವರ ಜಾಗರೂಕತೆ, ಬುಡದ ಮಣ್ಣನ್ನು ಅಂಗೈಯಲ್ಲಿ ಹಿಸುಕಿ ನೀರಿನ ದಿಕ್ಕನ್ನು ಹೇಳಿದ ಅವರ ವಿದ್ಯೆ, ಇವೆರಡಕ್ಕೂ 32,000 ರೂಪಾಯಿಗಳು ನನಗೆ ಹೆಚ್ಚೆನಿಸಲಿಲ್ಲ.

ಜಲಮಂಡಳಿಯು 2009ರಲ್ಲಿ, 2400 ಚದರಡಿಗೆ ಕಡಮೆಯಿಲ್ಲದ ನಿವೇಶನಗಳ ಹಳೆಯ ಮನೆಗಳಿಗೂ ಮಳೆಕೊಯ್ಲನ್ನು ಕಡ್ಡಾಯಮಾಡಿದ್ದಿತು. ಮನೆಯನ್ನು ಬಾಡಿಗೆಗೆ ಕೊಟ್ಟು ದೂರವಿದ್ದ ನಾನು ಅದನ್ನು ಅಲಕ್ಷಿಸಿದ್ದೆನು; ಆ ಬಾಕಿಯನ್ನು ಈಗ ತೀರಿಸಿದೆನು. ನಮ್ಮ ಸೂರಿನ ವಿಸ್ತೀರ್ಣ 1100 ಚದರಡಿ, ಎಂದರೆ ಸುಮಾರು 100 ಚದರ ಮೀಟರು. ಒಂದು ಮಿಲಿಮೀಟರು ಮಳೆಗೆ 100 ಲೀಟರು. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರಿನಷ್ಟು ಮಳೆಯಾಗುತ್ತದೆಂದರೆ, ನಷ್ಟವನ್ನು ಕಳೆದರೂ 70,000 ಲೀಟರಿಗೆ ಕಡಮೆಯಿಲ್ಲದ ನೀರನ್ನು ಈ ಮನೆಯು ಪ್ರತಿವರ್ಷವೂ ಚರಂಡಿಗೆ ಅರ್ಪಿಸುತ್ತಿದ್ದಿತು. ಸೂರಿನಂಚಿಗೆ ದೋಣಿ, ಜಲ್ಲಿ ಇದ್ದಲುಗಳ ಶೋಧಕ, ಅಲ್ಲಿಂದ ಬಾವಿಗೆ ಕೊಳವೆ, ತಗ್ಗಿನ ಮೂಲೆಯಿಂದ ಹೊರಕ್ಕೆ ಒಂದು ಮೋರಿ: ಎಲ್ಲಕ್ಕೂ 27,500. ಶೋಧಕದ ಪೀಪಾಯಿಯನ್ನು ಶಿವಾಜಿನಗರದ ಗುಜರಿಯಲ್ಲಿ ಕೊಂಡೆನು. ಹಳೆಯದಾದರೂ ಹೊಸದರಷ್ಟೇ ಗಟ್ಟಿ.

ಕಾಣದ ಕೆಲಸಗಳೂ ತಪ್ಪದೆ ಬಂದುವು. ಅವಶೇಷದ ಒತ್ತಡದಲ್ಲಿ ಇಷ್ಟು ಕಾಲ ನಿಂತಿದ್ದ ಪೂರ್ವದ ಕಾಂಪೌಂಡು ಗೋಡೆ ಬಿರುಕುಬಿಟ್ಟಿತು, 18,000. ಹಲಸನ್ನು ಕಡಿದರೆ ಬಿಸಿಲು ಬರುವುದೆಂದು ಸಲಹೆಯಿತ್ತವರು ಒಬ್ಬಿಬ್ಬರಲ್ಲ. ನಗರದಲ್ಲಿ ಮರ ಕಡಿಯುವ ಮುನ್ನ 1976ರ ವೃಕ್ಷ ಸಂರಕ್ಷಣಾ ಕಾಯಿದೆಯನ್ನು ನೋಡಬೇಕಾಗುತ್ತದೆ; ನಾನು ಅಲ್ಲಿಯವರೆಗೂ ಹೋಗಲಿಲ್ಲ. ಹಲಸಿನಿಂದ ಹೆಸರು ಪಡೆದುದೆಂದು ಜನ ಹೇಳುವ ಊರಿನಲ್ಲಿ ಉಳಿದಿರುವ ಹಲಸನ್ನು ನಾನು ಕಡಿಸಲಾರೆ. ನೆರೆಯವರ ಸೂರಿನ ಮೇಲೆ ಬಾಗಿದ್ದ ಒಣಕೊಂಬೆಗಳನ್ನು ಮಾತ್ರ, ತಿಳಿದವರ ಕೈಯಲ್ಲಿ, 8,000 ಕೊಟ್ಟು ತೆಗೆಯಿಸಿದೆನು.

ಕೆ.ಆರ್.ಪುರದ ಆಚೆಯ ಹಳ್ಳಿಯಿಂದ ಎರಡು ಲೋಡು ಕೊಟ್ಟಿಗೆಗೊಬ್ಬರ, ಅದರೊಡನೆ ಬೇವಿನ ಹಿಂಡಿ: 11,700. ಹೊಸ ಮಣ್ಣನ್ನು ತರಿಸಲಿಲ್ಲ. ಜರಡಿ ಹಿಡಿದ ಹಳೆಯ ಮಣ್ಣೂ ಬಾವಿಯ ಹೂಳೂ ಸಾಕಾದುವು.

ಕಟ್ಟಕಡೆಗೆ ಗಿಡಗಳು, 6,500. ಎಲ್ಲ ಸೇರಿದ ವೆಚ್ಚದಲ್ಲಿ ಇಪ್ಪತ್ತರಲ್ಲೊಂದು ಪಾಲು ಮಾತ್ರ. 1908ರಲ್ಲಿ ಲಾಲ್‌ಬಾಗಿಗೆ ಬಂದ ಉದ್ಯಾನತಜ್ಞ ಕ್ರುಂಬಿಗಲ್ ಅವರು, ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದರದು ಬರುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಆ ದೊಡ್ಡ ಯೋಚನೆಯ ಸಣ್ಣ ಅನುಕರಣವಾಗಿ, ಬೇಸಗೆಗೆ ಮಲ್ಲಿಗೆ, ಮಳೆಯ ಕೊನೆಗೆ ಪಾರಿಜಾತ, ಚಳಿಗೆ ಸೇವಂತಿಗೆ ಎಂದು ಕ್ರಮಮಾಡಿಕೊಂಡೆನು. ಮಿಕ್ಕುದೆಲ್ಲ ಅಮ್ಮನ ಹಿತ್ತಲು: ನುಗ್ಗೆ, ಕರಿಬೇವು, ದೊಡ್ಡಪತ್ರೆ, ಒಂದು ನಿಂಬೆ, ಕೆ.ಆರ್.ಪುರದ ಸಂತೆಯಿಂದ ತಂದ ಬದನೆ ಮೆಣಸಿನ ಸಸಿಗಳು. ಗೋಡೆಯ ನೆರಳಿನ ಪಟ್ಟಿಗೆ ಬಾಳೆಯನ್ನಿಟ್ಟು, ಬಚ್ಚಲ ನೀರನ್ನು ಅದಕ್ಕೆ ತಿರುಗಿಸಿದೆನು. ಅಗೆದು ಅರ್ಧ ಅಡಿ ತಗ್ಗಾದ ಈಶಾನ್ಯದಲ್ಲಿ ಕೆಸುವನ್ನು ಹಾಕಿದೆನು. ನೀರು ನಿಲ್ಲುವ ಕಡೆ ನೀರನ್ನು ಪ್ರೀತಿಸುವುದನ್ನೇ ನೆಡುವ ಈ ವಿವೇಕವು ಅಕ್ಷರವರಿಯದ ನನ್ನ ಅಜ್ಜಿಗೆ ಇದ್ದಿತು. ಬಂಗಲೆಯ ಚಿತ್ರವನ್ನು ಕಣ್ಣಲ್ಲಿ ತುಂಬಿಕೊಂಡಿದ್ದ ನನಗೆ ಅದು 80,000 ರೂಪಾಯಿಗಳು ಹೋದ ಮೇಲೆ ಬಂದಿತು.

ಒಟ್ಟು 1,32,000. ತೆಗೆದಿಟ್ಟುದರಲ್ಲಿ 500 ಉಳಿಯಿತು. ಅದರಲ್ಲಿ ಬಾವಿಗೆ ಹೊಸ ಹಗ್ಗವನ್ನು ಕೊಂಡೆನು. ಕಳೆದ ಸ್ವಾತಿಯ ಮಳೆ ನಿಂತ ಮರುದಿನ ಆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದರೆ ಒಂಬತ್ತು ಅಡಿ ನೀರು. ನಿಂಬೆಗೆ ಮಾತ್ರ ಇನ್ನೂ ಜಾಗ ಒಪ್ಪಿಗೆಯಾದಂತಿಲ್ಲ. ಡಿಸೆಂಬರಿನ ನೆರಳನ್ನು ಈ ವರ್ಷ ಮತ್ತೊಮ್ಮೆ ಅಳೆದು, ಬೇಕಾದರೆ ಉತ್ತರಕ್ಕೆ ಆರಡಿ ಸರಿಸಿ ನೆಡಬೇಕೆಂದಿದ್ದೇನೆ.