ಸುತ್ತ ಬಂಡೆ, ಜೊತೆಗೆ ಯಾರೂ ಇಲ್ಲ

ಪ್ರಶ್ನೆ: ನನಗೆ 27 ವರ್ಷ, ಎಂಜಿನಿಯರ್. ಬೆಂಗಳೂರಿನಲ್ಲಿದ್ದಾಗ ಕಂಠೀರವ ಕ್ರೀಡಾಂಗಣದ ಕ್ಲೈಂಬಿಂಗ್ ಗೋಡೆಯಲ್ಲಿ ಹತ್ತುವುದನ್ನು ಕಲಿತೆ. ವಾರಾಂತ್ಯ ಬಂತೆಂದರೆ ಗೆಳೆಯರ ಜೊತೆ ರಾಮನಗರ, ಉದ್ದ ರಜೆ ಸಿಕ್ಕರೆ ಬಾದಾಮಿ, ಹಂಪಿ. ಈಗ ಪಾವಗಡದ ಸೋಲಾರ್ ಪಾರ್ಕಿಗೆ ವರ್ಗವಾಗಿದೆ. ಕಿಟಕಿ ತೆಗೆದರೆ ಬಂಡೆಬೆಟ್ಟ. ಆದರೆ ಎಲ್ಲಿ ಹತ್ತಬಹುದೆಂದು ಹೇಳುವವರಿಲ್ಲ, ಜೊತೆಗೆ ಬರುವವರಂತೂ ಇಲ್ಲವೇ ಇಲ್ಲ. ಮನೆ ಓನರ್ ಆಂಟಿ ‘ಬೆಟ್ಟದಲ್ಲಿ ನಿನಗೇನಮ್ಮ ಕೆಲಸ’ ಅಂತಾರೆ. ಅಮ್ಮ ಫೋನಿನಲ್ಲಿ ‘ಮಂಗಾಟ ಇನ್ನೂ ಬಿಟ್ಟಿಲ್ವಾ, ಗಂಡು ನೋಡ್ತಿದ್ದೀವಿ’ ಅಂತಾಳೆ. ಹೋದ ಭಾನುವಾರ ಯಾರಿಗೂ ಹೇಳದೆ ಒಬ್ಬಳೇ ದೊಡ್ಡದೊಂದು ಗುಂಡು ಹತ್ತಿದೆ. ಇಳಿಯುವ ದಾರಿ ಕಾಣಲಿಲ್ಲ. ಮೇಲೆ ಕೂತಾಗ, ಬಿದ್ದರೆ ಯಾರಿಗೆ ಗೊತ್ತಾಗುತ್ತೆ, ಗೊತ್ತಾಗದಿದ್ದರೂ ಏನಂತೆ ಅನ್ನಿಸಿತು. ಈ ಹುಚ್ಚನ್ನು ಬಿಟ್ಟುಬಿಡಬೇಕಾ?
— ಹೆಸರು ಬೇಡ, ಪಾವಗಡ ತಾಲ್ಲೂಕು

ಉತ್ತರ: ಬಿಡಬೇಕಾಗಿಲ್ಲ. ಹತ್ತುವುದು ಮಂಗಾಟವೂ ಅಲ್ಲ, ಇಪ್ಪತ್ತೇಳಕ್ಕೆ ಮುಗಿಯಬೇಕಾದ ಆಟವೂ ಅಲ್ಲ. ಇಷ್ಟಪಟ್ಟದ್ದು ದಿನಾ ಕಣ್ಣೆದುರು ಇದ್ದೂ ಮುಟ್ಟಲಾಗದೆ ಹೋದರೆ ಆಗುವ ಸಂಕಟ ಸಣ್ಣದಲ್ಲ. ಊರು, ಕೆಲಸ, ಗೆಳೆಯರು ಒಟ್ಟಿಗೇ ಬದಲಾದಾಗ ಅದು ಇನ್ನೂ ಹೆಚ್ಚು. ನಿಮಗೆ ಹಾಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ.

ಆದರೆ ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ನಾನು ಹಾಗೇ ದಾಟಿ ಹೋಗಲಾರೆ. ‘ಗೊತ್ತಾಗದಿದ್ದರೂ ಏನಂತೆ’ ಎಂಬುದು ಆ ಹೊತ್ತಿನ ಬೇಸರ ಮಾತ್ರ ಆಗಿರಬಹುದು. ಇನ್ನೂ ಆಳದ್ದೂ ಆಗಿರಬಹುದು. ನಿದ್ದೆ ಕೆಟ್ಟಿದೆಯೇ? ಊಟ ಸೇರುತ್ತಿದೆಯೇ? ಬೆಟ್ಟದಿಂದ ಇಳಿದ ಮೇಲೂ ಆ ಯೋಚನೆ ಬಂದಿದೆಯೇ? ಬಂದಿದ್ದರೆ ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು. ಬರದಿದ್ದರೂ ಒಮ್ಮೆ ಮಾಡಿ, ನಷ್ಟವೇನೂ ಇಲ್ಲ.

ಇನ್ನು ಬಂಡೆಯ ವಿಷಯ. ರಾಮನಗರದಲ್ಲಿ ನಿಮಗೆ ಸಿಕ್ಕಿದ್ದು ಬರೀ ಕಲ್ಲಲ್ಲ. ಕೆಳಗೆ ನಿಂತು ‘ಬಲಗಾಲು ಇನ್ನೊಂಚೂರು ಮೇಲೆ’ ಎಂದು ಕೂಗುವ ಗೆಳತಿ ಸಿಕ್ಕಿದ್ದಳು. ಯಾವ ಬಂಡೆ ಗಟ್ಟಿ, ಯಾವುದಕ್ಕೆ ಅಪ್ಪಣೆ ಬೇಕು, ಎಲ್ಲಿ ಜೇನಿದೆ ಎಂದು ಮೊದಲೇ ತಿಳಿದುಕೊಂಡವರಿದ್ದರು. ಅವರು ಅಲೆದು, ಕೇಳಿ, ಬೈಸಿಕೊಂಡು ಕಲಿತದ್ದು ನಿಮಗೆ ಸಿದ್ಧವಾಗಿ ಸಿಕ್ಕಿತು. ಪಾವಗಡದಲ್ಲಿ ಆ ಕೆಲಸ ನಿಮ್ಮ ಪಾಲಿಗೆ ಬಂದಿದೆ. ಕಲ್ಲಂತೂ ನಿಮಗೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರದ ಹೆಸರನ್ನೇ ಹೊತ್ತ ಗ್ರಾನೈಟ್ ಪಟ್ಟಿಯೊಂದು ಅಲ್ಲಿಂದ ಉತ್ತರಕ್ಕೆ ತುಮಕೂರು ಜಿಲ್ಲೆಯನ್ನು ಸೀಳಿಕೊಂಡು ಸುಮಾರು 400 ಕಿ.ಮೀ. ಸಾಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮಧುಗಿರಿಯದ್ದೂ ನಿಮ್ಮ ಕಿಟಕಿಯಾಚೆಯದ್ದೂ ಅದೇ ಕಲ್ಲು. ಬಾದಾಮಿಯ ಮರಳುಗಲ್ಲು ಬೇರೆ ಜಾತಿ. ಇಲ್ಲಿ ಮಾತ್ರ ನಿಮ್ಮ ಕೈಗೆ ಪರಿಚಯದ ಒರಟುತನವೇ ಸಿಗುತ್ತದೆ.

ಹಾಗಾದರೆ ಎಲ್ಲಿಂದ ಶುರು? ನಿಮ್ಮ ಓನರ್ ಆಂಟಿಯಿಂದ. ‘ಬೆಟ್ಟದಲ್ಲಿ ನಿನಗೇನಮ್ಮ ಕೆಲಸ’ ಎಂಬುದನ್ನು ನೀವು ಚುಚ್ಚುಮಾತೆಂದು ತಗೊಂಡಿದ್ದೀರಿ. ಅದನ್ನು ನಿಜವಾದ ಪ್ರಶ್ನೆ ಅಂದುಕೊಂಡು ಉತ್ತರ ಕೊಟ್ಟು ನೋಡಿ. ಹಳೆಯ ವಿಡಿಯೋ ಒಂದನ್ನು ಫೋನಿನಲ್ಲಿ ತೋರಿಸಿ. ಆ ಕಡೆ ಕುರಿ ಹೊಡೆಯುವವರು ಯಾರೋ ಒಬ್ಬರು ಅವರಿಗೆ ಗೊತ್ತಿದ್ದೇ ಇರುತ್ತಾರೆ. ನಿಮ್ಮ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟ ರೈತರೂ ಸುತ್ತಲಿನ ಊರಿನವರೇ ಅಲ್ಲವೇ? ಬೆಟ್ಟದ ವಿಷಯದಲ್ಲಿ ಕುರಿಗಾಹಿಗಿಂತ ದೊಡ್ಡ ತಜ್ಞರಿಲ್ಲ. ಕರಡಿ ಮಲಗುವ ಗವಿ ಯಾವುದು, ಹೆಜ್ಜೇನು ಯಾವ ತಿಂಗಳು ಎಲ್ಲಿ ಕಟ್ಟುತ್ತದೆ, ಯಾವ ಗುಂಡಿನ ಬುಡದಲ್ಲಿ ದೇವರಿದೆ ಎಂದು ಅವರಿಗೆ ಗೊತ್ತು. ದೇವರಿರುವ ಬಂಡೆಯನ್ನು ಬಿಟ್ಟುಬಿಡಿ, ವಾದ ಬೇಡ. ಬಂಡೆಯ ಚಾಚಿನ ಕೆಳಗೆ ಮೇಣದ ಕಪ್ಪು ಕಲೆ ಕಂಡರೆ ಈಗ ಜೇನಿಲ್ಲದಿದ್ದರೂ ದೂರವಿರಿ. ಅದೇ ಜಾಗಕ್ಕೆ ಅವು ಮತ್ತೆ ಬರುತ್ತವೆ. ಕರಡಿ ಓಡಾಡುವುದು ಸಂಜೆಯಿಂದ ಮುಂಜಾವಿನವರೆಗೆ, ಹಗಲಲ್ಲಿ ಬಂಡೆಸಂದಿಯಲ್ಲಿ ಮಲಗಿರುತ್ತದೆ. ಹಾಗಾಗಿ ಬಿಸಿಲು ಬಂದ ಮೇಲೆ ಹೋಗಿ, ಸಂಜೆಗೆ ಮುಂಚೆ ಬನ್ನಿ, ಕತ್ತಲ ಸಂದಿಗೆ ನುಗ್ಗಬೇಡಿ.

ಇನ್ನೊಂದು ಮಾತು ನಗರದವರಿಗೆ ಹೊಳೆಯುವುದಿಲ್ಲ. ಬೆನ್ನಿಗೆ ದೊಡ್ಡ ಚೀಲ, ಬಂಡೆಯ ಮೇಲೆ ಬಿಳಿ ಪುಡಿಯ ಗುರುತು, ಪರಿಚಯವಿಲ್ಲದ ಮುಖ. ನಮ್ಮ ಕಡೆ ಇದನ್ನು ನೋಡಿದವರಿಗೆ ಮೊದಲು ನೆನಪಾಗುವುದು ನಿಧಿ ಅಗೆಯುವವರು. ಊರಿನವರ ಅನುಮಾನದಲ್ಲೂ ಅರ್ಥವಿದೆ. ಹತ್ತಿದ ಮೇಲೆ ಚಾಕ್ ಗುರುತನ್ನು ಬ್ರಷ್‌ನಿಂದ ಒರೆಸಿಬಿಡಿ. ಮೊದಲ ಸಲ ಊರಿನವರೊಬ್ಬರನ್ನು ಕರೆದುಕೊಂಡೇ ಹೋಗಿ.

ಜಾಗ ಯಾರದು ಎಂದೂ ನೋಡಬೇಕು. ಸರ್ಕಾರದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅರಣ್ಯದ್ದಾದರೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿ, ಖಾಸಗಿಯಾದರೆ ಮಾಲೀಕರನ್ನು ಕೇಳಿ. ಕೋಟೆ, ಗುಡಿ, ಶಾಸನ ಇರುವ ಕಡೆ ಬೇಡವೇ ಬೇಡ. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳಿಗಾಗಿ ಅಭಯಧಾಮವೆಂದು ಘೋಷಿಸಿದ ಮೇಲೆ ಅಲ್ಲಿ ಹತ್ತುವವರು ತಮ್ಮ ಇಷ್ಟದ ಬಂಡೆಗಳನ್ನು ಬಿಟ್ಟುಕೊಡಬೇಕಾಯಿತು. ಅದು ಸರಿಯೇ ಎಂಬುದು ನನ್ನ ಅಭಿಪ್ರಾಯ. ಕಲ್ಲುಕ್ವಾರಿಗೂ ಕಾಲಿಡಬೇಡಿ. ಸಿಡಿಮದ್ದಿಗೆ ಬಿರುಕು ಬಿಟ್ಟ ಕಲ್ಲು ಯಾವಾಗ ಕಳಚುತ್ತದೋ ಹೇಳಲಾಗದು.

ಬಂಡೆ ಸಿಕ್ಕ ದಿನವೇ ಹತ್ತಲು ಹೋಗಬೇಡಿ. ಸುತ್ತ ಒಂದು ಸುತ್ತು ಬಂದು ಮೊದಲು ಇಳಿಯುವ ದಾರಿ ನೋಡಿ. ಹೋದ ಭಾನುವಾರ ನೀವು ಬಿಟ್ಟದ್ದು ಇದನ್ನೇ. ಆಮೇಲೆ ಹಿಡಿತಗಳನ್ನು ಮುಷ್ಟಿಯಿಂದ ಗುದ್ದಿ. ಗ್ರಾನೈಟ್ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಟೊಳ್ಳು ಸದ್ದು ಬಂದರೆ ಆ ಪದರವನ್ನು ಹಿಡಿದು ಜಗ್ಗಬೇಡಿ. ಸದ್ಯಕ್ಕೆ ಗಿಡ್ಡ ಗುಂಡುಗಳೇ ಸಾಕು, ಕೆಳಗೆ ಕ್ರ್ಯಾಶ್ ಪ್ಯಾಡ್ (ಬಿದ್ದರೆ ಪೆಟ್ಟು ತಗ್ಗಿಸುವ ದಪ್ಪ ಹಾಸು) ಇರಲಿ. ಹಗ್ಗ ಬೇಕಾಗುವಷ್ಟು ಎತ್ತರಕ್ಕೆ ತರಬೇತಿ ಪಡೆದವರಿಲ್ಲದೆ ಕೈ ಹಾಕಬೇಡಿ. (ಚಿತ್ರದುರ್ಗದ ಕೋತಿರಾಜ್ ಕೋಟೆ ಗೋಡೆಯನ್ನು ಬರಿಗೈಯಲ್ಲಿ ಹತ್ತುವುದನ್ನು ನೋಡಿ ಅದೇ ಧೈರ್ಯ ಅಂದುಕೊಂಡ ಹುಡುಗರು ಇದನ್ನು ಓದುತ್ತಿದ್ದರೆ, ಈ ಮಾತು ನಿಮಗೂ.)

ಒಬ್ಬರೇ ಹತ್ತಬೇಡಿ. ಈ ಒಂದು ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಕಾಲು ಮುರಿದರೆ 108, 112 ಎರಡೂ ನೆರವಿಗೆ ಬರುವುದಿಲ್ಲ. ಹತ್ತಲು ಬಾರದ ಸಹೋದ್ಯೋಗಿಯಾದರೂ ಪ್ಯಾಡಿನ ಪಕ್ಕದಲ್ಲಿ ನಿಂತಿರಲಿ. ಹೇಗೆ ನಿಲ್ಲಬೇಕು, ಬೀಳುವವರನ್ನು ಹೇಗೆ ಪ್ಯಾಡಿನ ಕಡೆ ತಿರುಗಿಸಬೇಕು ಎಂದು ಅರ್ಧ ದಿನ ಕಲಿಸಿ. ಮುಂದಿನ ತಿಂಗಳು ಅವರೂ ಶೂ ಕೇಳಬಹುದು. ಜೊತೆ ಸಿಗದ ವಾರ ಬೆಟ್ಟಕ್ಕೆ ಬರೀ ನಡೆದು ಬನ್ನಿ, ಅದೂ ಯಾರಿಗಾದರೂ ಹೇಳಿ. ಸಾಧ್ಯವಾದಾಗ ಬೆಂಗಳೂರಿಗೆ ಹೋಗಿ ಹಳೆಯ ಗೆಳೆಯರ ಜೊತೆ ಹತ್ತಿ. ‘ಇಲ್ಲಿ ಹೊಸ ಬಂಡೆಗಳಿವೆ, ಬನ್ನಿ’ ಎಂದು ಅವರನ್ನೂ ಕರೆಯಿರಿ. ತರಬೇತಿ ಬೇಕೆಂದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯನ್ನು ವಿಚಾರಿಸಿ.

ಅಮ್ಮನ ಮಾತಿನಲ್ಲಿ ಸಿಟ್ಟಿಗಿಂತ ಭಯ ಹೆಚ್ಚು ಇದ್ದಂತಿದೆ. ಮಗಳು ದೂರದಲ್ಲಿ ಏನು ಮಾಡುತ್ತಿದ್ದಾಳೋ ತಿಳಿಯದ ಭಯ. ಹೋಗುವ ಮುಂಚೆ ಲೊಕೇಶನ್ ಕಳಿಸಿ, ಬಂದ ಮೇಲೆ ಒಂದು ಫೋಟೋ ಹಾಕಿ. ಮದುವೆಯ ಮಾತು ಬೇರೆ, ಅದನ್ನು ಬೇರೆಯಾಗಿಯೇ ಮಾತಾಡಿ. ಬರುವ ಹುಡುಗನಿಗೆ ನೀವು ಬಂಡೆ ಹತ್ತುವುದು ಮೊದಲೇ ಗೊತ್ತಿರಲಿ ಎಂದಷ್ಟೇ ಹೇಳುವೆ.

ಪಾವಗಡ, ಮಧುಗಿರಿ, ಶಿರಾ ಕಡೆ ಬಂಡೆ ಹತ್ತುವ ಓದುಗರಿದ್ದರೆ, ಅದರಲ್ಲೂ ಹೆಣ್ಣುಮಕ್ಕಳಿದ್ದರೆ, ದಯವಿಟ್ಟು ಪತ್ರಿಕೆಗೆ ಬರೆಯಿರಿ. ಈಕೆ ಒಪ್ಪಿದರೆ ನಿಮ್ಮ ಪತ್ರವನ್ನು ತಲುಪಿಸುತ್ತೇವೆ.